ಗೋಡೆಯ ಗೂಡಿಗೊಂದು ಕಂಪ್ಯೂಟರ್: 28 ಸಾವಿರದೊಳಗೆ ಭಾಗ ಆರಿಸಿ ಕಟ್ಟಿದ್ದು

ಮೊದಲು ಮಾಡಿದ ಕೆಲಸ ಅಂದರೆ ಟೇಪು ಹಿಡಿದು ಗೂಡು ಅಳೆದದ್ದು. ಅಗಲ 18 ಇಂಚು, ಎತ್ತರ 16, ಆಳ ಬರೀ 10. ದಾವಣಗೆರೆಯ ಹಳೇ ಮನೆಗಳಲ್ಲಿ ದಪ್ಪ ಗೋಡೆಯೊಳಗೆ ದೀಪ, ಡಬ್ಬಿ ಇಡಲು ಬಿಟ್ಟಿರುತ್ತಾರಲ್ಲ, ಅಂಥ ಗೂಡು. ಕೆಳಗೆ ಕಡಪ ಕಲ್ಲು ಹಾಸಿದೆ. ಅಕ್ಕನ ಮನೆಯ ನಡುಮನೆಯಲ್ಲಿ ಅದರ ಪಕ್ಕಕ್ಕೇ ಅವಳ ಹೊಲಿಗೆ ಮಷಿನ್. ದಿನಾ ಬ್ಲೌಸ್ ಹೊಲಿಯುತ್ತಾಳೆ, ಮೇಜಿನ ತುಂಬ ಬಟ್ಟೆ, ದಾರ, ಚಾಕ್ ಪೀಸು. ಮಗಳು ಇಂಜಿನಿಯರಿಂಗ್ ಮೊದಲ ವರ್ಷ. ಕಾಲೇಜಿನ ಲ್ಯಾಬ್ ಬಿಟ್ಟರೆ ಮನೆಯಲ್ಲಿ ಇರೋದು ಫೋನ್ ಒಂದೇ. ಆ ಸಣ್ಣ ಪರದೆಯಲ್ಲಿ ಸಿ ಪ್ರೋಗ್ರಾಮ್ ಬರೆದು, ತಪ್ಪು ಹುಡುಕಿ, ಮತ್ತೆ ಬರೆಯುತ್ತಾ ಕೂತಿರೋದನ್ನು ನೋಡಿದಾಗಲೇ ನನಗೆ ಅನ್ನಿಸಿತ್ತು, ಇವಳಿಗೊಂದು ಸರಿಯಾದ ಮಷಿನ್ ಕಟ್ಟಿಕೊಡಬೇಕು ಅಂತ.

ಅಕ್ಕ ಚೀಟಿ ಎತ್ತಿ 28 ಸಾವಿರ ಕೈಗಿಟ್ಟಳು. "ಮೇಜು ಮಾತ್ರ ಕೇಳಬ್ಯಾಡ ತಮ್ಮಾ, ನನಗೆ ಬೇಕು. ಅದೇನು ಡಬ್ಬ ತಂದರೂ ಆ ಗೂಡಿನಾಗೆ ಕೂಡ್ರಬೇಕು ನೋಡು." ಮಾನಿಟರ್ ನನ್ನ ಹತ್ತಿರ ಹಳೆಯದಿತ್ತು, ಅದನ್ನು ಕೊಟ್ಟೆ. ಉಳಿದದ್ದೆಲ್ಲ ಆ 28 ಸಾವಿರದಲ್ಲೇ ಆಗಬೇಕು. ಇದು 2025ರ ಏಪ್ರಿಲ್ ಮಾತು. ಇಲ್ಲಿ ಬರೆದ ಬೆಲೆಯೆಲ್ಲ ಆಗಿನದು.

ಚಿಕ್ಕ ಕಂಪ್ಯೂಟರ್ ಅಂದ ಕೂಡಲೇ ಎಲ್ಲರ ಕಣ್ಣು ಮಿನಿ-ಐಟಿಎಕ್ಸ್ ಕಡೆ ಹೋಗುತ್ತೆ. 170 ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಪುಟ್ಟ ಮದರ್‌ಬೋರ್ಡ್ (ಉಳಿದ ಭಾಗಗಳನ್ನೆಲ್ಲ ಜೋಡಿಸುವ ಮುಖ್ಯ ಹಲಗೆ), ಅದಕ್ಕೆ ತಕ್ಕ ಪುಟ್ಟ ಕೇಸು. ನೋಡಲು ಬಹಳ ಚಂದ, ನನಗೂ ಆಸೆ ಇತ್ತು. ಎರಡು ದಿನ ಅದರ ಹಿಂದೆಯೇ ಬಿದ್ದಿದ್ದೆ. ಆದರೆ ಬೋರ್ಡಿನ ಬೆಲೆ, ಅದಕ್ಕಿಂತ ದೊಡ್ಡ ಅಳತೆಯ ಮೈಕ್ರೋ-ಎಟಿಎಕ್ಸ್ ಬೋರ್ಡಿನ ದುಪ್ಪಟ್ಟಿಗೆ ಹತ್ತಿರ. ಕೇಸೂ ಹಾಗೆಯೇ. ಮುಖ್ಯವಾದ ತೊಡಕು ಪವರ್ ಸಪ್ಲೈನಲ್ಲಿದೆ. ಇಂಥ ಚಿಕ್ಕ ಕೇಸುಗಳಲ್ಲಿ ಬಹಳಷ್ಟಕ್ಕೆ ಎಸ್‌ಎಫ್‌ಎಕ್ಸ್ ಅಳತೆಯ ಪವರ್ ಸಪ್ಲೈ ಬೇಕು, ಮಾಮೂಲಿ ಎಟಿಎಕ್ಸ್ ಹಿಡಿಸುವುದಿಲ್ಲ. ಊರಲ್ಲಿ ನಾಲ್ಕು ಅಂಗಡಿ ತಿರುಗಿ ಕೇಳಿದೆ. ಒಂದರಲ್ಲೂ ಎಸ್‌ಎಫ್‌ಎಕ್ಸ್ ಇರಲಿಲ್ಲ. "ಬೆಂಗಳೂರಿಂದ ತರಿಸಬೇಕು ಸರ್, ನಾಲ್ಕು ದಿನ ಆಗುತ್ತೆ" ಅಂದರು.

ಅಲ್ಲಿಗೆ ನನ್ನ ಲೆಕ್ಕ ಬದಲಾಯಿತು. ನಾಳೆ ಇವಳ ಪರೀಕ್ಷೆ, ಪ್ರಾಜೆಕ್ಟ್ ಇರುವಾಗ ಒಂದು ಭಾಗ ಕೆಟ್ಟರೆ? ಸಂಜೆಯೊಳಗೆ ದಾವಣಗೆರೆಯಲ್ಲೇ ಹೋಗಿ ತಂದು ಹಾಕುವಂತಿರಬೇಕು. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಮೊದಲು ಸಾಯೋದು ಪವರ್ ಸಪ್ಲೈ ಅಲ್ವಾ. ಎಟಿಎಕ್ಸ್ ಆದರೆ ಯಾವ ಅಂಗಡಿಯಲ್ಲೂ ಸಿಗುತ್ತೆ. ಹಾಗಾಗಿ "ಎಷ್ಟು ಚಿಕ್ಕದು ಮಾಡಬಹುದು" ಅನ್ನೋದನ್ನು ಬಿಟ್ಟು "ಎಷ್ಟು ಚಿಕ್ಕದಿದ್ದರೆ ಸಾಕು" ಅಂತ ನೋಡಿದೆ. ಗೂಡು ಮಿಲಿಮೀಟರಿನಲ್ಲಿ 457 ಅಗಲ, 406 ಎತ್ತರ, 254 ಆಳ. ನಾನು ನೋಡಿಟ್ಟಿದ್ದ ಮೈಕ್ರೋ-ಎಟಿಎಕ್ಸ್ ಕೇಸು 350 ಉದ್ದ, 345 ಎತ್ತರ, 185 ಅಗಲ. ಮುಖ ಮುಂದಕ್ಕೆ ಮಾಡಿ ಇಟ್ಟರೆ ಆಳ ಸಾಲದು. ಪಕ್ಕಕ್ಕೆ ತಿರುಗಿಸಿ, ಎಡಗಡೆಯ ಬಾಗಿಲು ನಮ್ಮ ಕಡೆ ಬರುವಂತೆ ಇಟ್ಟರೆ ಸರಿಯಾಗಿ ಕೂಡ್ರುತ್ತೆ. ಆಗ ಹಿಂಭಾಗದ ವೈರುಗಳು ಗೂಡಿನ ಎಡಕ್ಕೆ ಬರುತ್ತವೆ, ಪ್ಲಗ್ ಪಾಯಿಂಟೂ ಎಡಕ್ಕೇ ಇದೆ. ವೈರು ಬಗ್ಗಲು ಎಂಟೂವರೆ ಸೆಂಟಿಮೀಟರ್ ಜಾಗ, ಬಲಕ್ಕೆ ಎರಡು ಸೆಂಟಿಮೀಟರ್. ರಟ್ಟಿನ ಪೆಟ್ಟಿಗೆ ಅದೇ ಅಳತೆಗೆ ಕತ್ತರಿಸಿ ಅಂಟಿಸಿ ಒಂದು ದಿನ ಗೂಡಿನಲ್ಲಿ ಇಟ್ಟು ನೋಡಿದೆವು. ನೀವೂ ಜಾಗ ಇಕ್ಕಟ್ಟಿದ್ದರೆ ಇದನ್ನೊಮ್ಮೆ ಮಾಡಿ. ಕಾಗದದ ಮೇಲಿನ ಅಳತೆಯಲ್ಲಿ ವೈರು ಬಗ್ಗುವ ಜಾಗ ಯಾವಾಗಲೂ ಮರೆತುಹೋಗುತ್ತೆ.

ಆಫೀಸುಗಳಿಂದ ಬಿಟ್ಟ ಒಂದು ಲೀಟರ್ ಅಳತೆಯ ಪುಟಾಣಿ ಡೆಸ್ಕ್‌ಟಾಪ್‌ಗಳು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತವೆ, ಲೆನೊವೊ, ಡೆಲ್, ಎಚ್‌ಪಿ ಮೂರರಲ್ಲೂ. ಅದನ್ನೂ ಪೂರ್ತಿ ಮನಸ್ಸಿಟ್ಟು ನೋಡಿದೆ. ಬರೀ ಟೈಪಿಂಗ್, ಬಿಲ್ಲು, ಬ್ರೌಸರ್ ಸಾಕು ಅನ್ನುವವರಿಗೆ ನಾನು ಇವತ್ತೂ ಅದನ್ನೇ ಹೇಳೋದು. ಒಂದು ಮಾತು ನೆನಪಿರಲಿ, ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹಾಗಾಗಿ 6, 7ನೇ ತಲೆಮಾರಿನವು ಅಗ್ಗಕ್ಕೆ ಸಿಕ್ಕರೆ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕುವ ತಯಾರಿಯಲ್ಲೇ ತಗೊಳ್ಳಿ. ನಮಗೆ ಅದು ಬೇಡ ಅನ್ನಿಸಿದ್ದು ಎರಡು ಕಾರಣಕ್ಕೆ. ಇವಳಿಗೆ 3ಡಿ ಚಿತ್ರ ಮಾಡುವ ಬ್ಲೆಂಡರ್ ಅನ್ನೋ ಪ್ರೋಗ್ರಾಮ್ ಕಲಿಯುವ ಆಸೆ ಇದೆ, ಮುಂದೆ ಯಾವಾಗಾದರೂ ಗ್ರಾಫಿಕ್ಸ್ ಕಾರ್ಡ್ ಹಾಕಬೇಕಾದರೆ ಅದರಲ್ಲಿ ಜಾಗವೇ ಇಲ್ಲ. ಇನ್ನೊಂದು, ಅದರ ಬೋರ್ಡ್ ಹೋದರೆ ಅದೇ ಕಂಪನಿಯ ಅದೇ ಬೋರ್ಡ್ ಹುಡುಕಬೇಕು.

ಪ್ರೊಸೆಸರ್ ಆರಿಸುವಾಗ ಮೊದಲ ಷರತ್ತು, ಒಳಗೇ ಗ್ರಾಫಿಕ್ಸ್ ಇರಬೇಕು. ಈ ಬಜೆಟ್ಟಿನಲ್ಲಿ ಬೇರೆ ಕಾರ್ಡ್ ಆಗದ ಮಾತು. ಇಲ್ಲೇ ಬಹಳ ಜನ ಎಡವುತ್ತಾರೆ. ಎಎಂಡಿ ಕಂಪನಿಯ ರೈಜನ್ 5 5500, 5600 ಇವು ಕಡಿಮೆ ಬೆಲೆಗೆ ಕಾಣುತ್ತವೆ, ಆದರೆ ಇವುಗಳಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡಿನಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೂ ಪರದೆ ಕಪ್ಪಾಗಿಯೇ ಇರುತ್ತೆ. 5600ಜಿ ಅಂತ ಹಿಂದೆ ಜಿ ಇರಬೇಕು, ಅಥವಾ 2024ರಲ್ಲಿ ಬಂದ 5600ಜಿಟಿ ಆಗಬೇಕು. ಇಂಟೆಲ್ ಕಡೆ ಇದು ಉಲ್ಟಾ, ಹಿಂದೆ ಎಫ್ ಅಂತ ಇದ್ದರೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಐ3-12100 ಒಳ್ಳೆಯ ಪ್ರೊಸೆಸರ್, ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). 5600ಜಿ ಅಂದರೆ ಆರು ಕೋರ್, ಹನ್ನೆರಡು ಥ್ರೆಡ್, ಗ್ರಾಫಿಕ್ಸೂ ಅದಕ್ಕಿಂತ ಗಟ್ಟಿ. ಎಎಂ5 ಅನ್ನೋ ಹೊಸ ಸಾಕೆಟ್ಟಿನಲ್ಲಿ (ಬೋರ್ಡಿನ ಮೇಲೆ ಪ್ರೊಸೆಸರ್ ಕೂರುವ ಜಾಗ) ಕೂರುವ 8600ಜಿ ಇವೆರಡಕ್ಕಿಂತ ಎಷ್ಟೋ ಮುಂದಿದೆ, ಆದರೆ ಅದಕ್ಕೆ ಡಿಡಿಆರ್5 ರ್ಯಾಮ್, ಹೊಸ ಬೋರ್ಡ್, ಎಲ್ಲ ಸೇರಿ 28 ಸಾವಿರ ದಾಟಿ ಎಲ್ಲಿಗೋ ಹೋಗುತ್ತೆ. ಅಷ್ಟರಲ್ಲಿ ಗೆಳೆಯನೊಬ್ಬ ತನ್ನ ಗೇಮಿಂಗ್ ಮಷಿನ್ನಿನ ಎ520 ಬೋರ್ಡ್ ಬದಲಾಯಿಸುವವನಿದ್ದ, 2,500ಕ್ಕೆ ಕೊಡುತ್ತೇನೆ ಅಂದ. ಮೈಕ್ರೋ-ಎಟಿಎಕ್ಸ್, 5600ಜಿ ಕೂರುವ ಎಎಂ4 ಸಾಕೆಟ್, ಎರಡು ರ್ಯಾಮ್ ಕಿಂಡಿ, ಎಸ್‌ಎಸ್‌ಡಿ ಹಾಕಲು ಒಂದು ಎಂ.2 ಕಿಂಡಿ. ಅಲ್ಲಿಗೆ ತೀರ್ಮಾನ ಆಯಿತು, 5600ಜಿ.

ರ್ಯಾಮ್ 16 ಜಿಬಿ, ಆದರೆ ಎಂಟೆಂಟರ ಎರಡು ಕಡ್ಡಿ. ಅಂಗಡಿಯವರು ಒಂದೇ 16ರ ಕಡ್ಡಿ ತಗೊಳ್ಳಿ, ಮುಂದೆ ಇನ್ನೊಂದು ಹಾಕಬಹುದು ಅಂತ ಹೇಳಿದರು. ಬೇರೆ ಮಷಿನ್ನಿಗೆ ಅದು ಸರಿ ಇರಬಹುದು. ಇಲ್ಲಿ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಅದು ಇದೇ ರ್ಯಾಮಿನಿಂದ ಎಳೆದುಕೊಳ್ಳಬೇಕು. 3200 ವೇಗದ ಡಿಡಿಆರ್4 ಒಂದು ಕಡ್ಡಿ ಇದ್ದರೆ ಸೆಕೆಂಡಿಗೆ 25.6 ಜಿಬಿ, ಎರಡಿದ್ದರೆ 51.2 ಜಿಬಿ ಹಾದುಹೋಗುವ ದಾರಿ ಸಿಗುತ್ತೆ. ಬ್ಲೆಂಡರಿನಲ್ಲಿ ಒಂದು ಮಾಡೆಲ್ಲನ್ನು ತಿರುಗಿಸಿ ನೋಡಿ, ಒಂದು ಕಡ್ಡಿ ತೆಗೆದು ಮತ್ತೆ ನೋಡಿ, ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ನಾವು ಮಾಡಿ ನೋಡಿದೆವು.

ಫೈಲುಗಳೆಲ್ಲ ಉಳಿಯುವ ಎಸ್‌ಎಸ್‌ಡಿ ಬಗ್ಗೆ ಜಾಸ್ತಿ ಹೇಳೋದಿಲ್ಲ. 5600ಜಿ ಅದಕ್ಕೆ ಕೊಡುವ ದಾರಿ ಪಿಸಿಐಇ 3.0, ಅಂದರೆ ಜೆನ್3 ಮಾತ್ರ, ಹಾಗಾಗಿ ಜೆನ್4ಕ್ಕೆ ಹೆಚ್ಚು ದುಡ್ಡು ಸುರಿಯೋದು ಸುಮ್ನೆ. ಜೆನ್3ಯ 500 ಜಿಬಿ ತಂದೆ.

ಪವರ್ ಸಪ್ಲೈ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಕೇಸಿನ ಜೊತೆಗೇ 700 ರೂಪಾಯಿಗೆ "450 ವ್ಯಾಟ್" ಅಂತ ಒಂದು ಕೊಡಲು ಬಂದರು. ಕೈಯಲ್ಲಿ ಹಿಡಿದರೆ ಖಾಲಿ ಡಬ್ಬದಷ್ಟು ಹಗುರ. ಪಕ್ಕದ ಚೀಟಿ ಓದಿ ಅಂತ ಇವಳಿಗೆ ತೋರಿಸಿದೆ. 12 ವೋಲ್ಟಿನ ಎದುರು 14 ಆಂಪಿಯರ್ ಅಂತ ಇತ್ತು. 12 ಗುಣಿಸು 14, 168 ವ್ಯಾಟ್. ಈಗಿನ ಮಷಿನ್ನಿನಲ್ಲಿ ಪ್ರೊಸೆಸರ್, ಕಾರ್ಡ್ ಎಲ್ಲ ಎಳೆಯೋದು ಆ 12 ವೋಲ್ಟಿನಿಂದಲೇ. ಹೊರಗೆ 450 ಅಂತ ದೊಡ್ಡದಾಗಿ ಬರೆದದ್ದಕ್ಕೂ ಒಳಗಿನ ಶಕ್ತಿಗೂ ಸಂಬಂಧವೇ ಇಲ್ಲ. ನಾವು ತಗೊಂಡದ್ದು 80 ಪ್ಲಸ್ ಬ್ರಾಂಜ್ (ಕರೆಂಟು ಕಡಿಮೆ ಪೋಲಾಗುತ್ತೆ ಅನ್ನೋ ಪ್ರಮಾಣಪತ್ರ), ಅದೂ 450 ವ್ಯಾಟೇ, ಆದರೆ 12 ವೋಲ್ಟಿಗೆ 34 ಆಂಪಿಯರ್. ಅಂದರೆ 408 ವ್ಯಾಟ್. 3,100 ಆಯಿತು. ಅಕ್ಕನ ದುಡ್ಡಿನಲ್ಲಿ ಉಳಿಸಬೇಕಾದ ಜಾಗ ಬೇರೆ ಇದ್ದವು, ಇದಲ್ಲ.

ಲೆಕ್ಕ ಹೀಗಾಯಿತು: ಪ್ರೊಸೆಸರ್ 10,900, ಬೋರ್ಡ್ 2,500, ರ್ಯಾಮ್ 3,300, ಎಸ್‌ಎಸ್‌ಡಿ 2,900, ಪವರ್ ಸಪ್ಲೈ 3,100, ಕೇಸು 2,300, ಒಂದು 120 ಮಿಲಿಮೀಟರ್ ಫ್ಯಾನ್ 350, ಪ್ರೊಸೆಸರ್ ಮತ್ತು ಕೂಲರಿನ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ 250. ಒಟ್ಟು 25,600. ಉಳಿದ 2,400ರಲ್ಲಿ ಕೀಬೋರ್ಡ್, ಮೌಸ್, ಒಂದು ವೈಫೈ ಡಾಂಗಲ್ ಬಂತು, ಇನ್ನೂ ಸ್ವಲ್ಪ ಅಕ್ಕನ ಕೈಗೆ ವಾಪಸ್ ಕೊಟ್ಟೆ. ಗೆಳೆಯನ ಬೋರ್ಡ್ ಬಿಟ್ಟು ಉಳಿದ ಎಲ್ಲದಕ್ಕೂ ಜಿಎಸ್‌ಟಿ ಬಿಲ್ಲು ಹಾಕಿಸಿಕೊಂಡು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೇಸಿನ ತಳಕ್ಕೆ ಅಂಟಿಸಿದ್ದೇನೆ. ವಾರಂಟಿ ಕೇಳುವ ದಿನ ಮನೆಯೆಲ್ಲ ಹುಡುಕಬೇಕಾಗಿಲ್ಲ.

ಕಟ್ಟುವ ದಿನ ಭಾನುವಾರ. ಬೆಳಗ್ಗೆ ಬೆಣ್ಣೆದೋಸೆ ಕಟ್ಟಿಸಿಕೊಂಡು ಹೋಗಿದ್ದೆ, ತಿಂದು ಕೈ ಸೋಪು ಹಾಕಿ ತೊಳೆದುಕೊಂಡೇ ಶುರು ಮಾಡಿದೆವು. ಬೆಣ್ಣೆ ಕೈಯಲ್ಲಿ ಬೋರ್ಡ್ ಮುಟ್ಟುವ ಹಾಗಿಲ್ಲ. ಜೋಡಿಸಿದ್ದೆಲ್ಲ ಇವಳೇ, ನಾನು ಪಕ್ಕದಲ್ಲಿ ಕೂತು ಹೇಳಿದ್ದಷ್ಟೇ. ಎಎಂ4 ಪ್ರೊಸೆಸರಿನ ಕೆಳಗೆ 1,331 ಪಿನ್ನುಗಳಿವೆ, ಒಂದು ಬಗ್ಗಿದರೂ ತಲೆನೋವು. ಮೂಲೆಯ ತ್ರಿಕೋನ ಗುರುತು ನೋಡಿ, ಒತ್ತದೆ, ತಾನಾಗಿ ಇಳಿಯುವಂತೆ ಇಟ್ಟಳು. ಪೆಟ್ಟಿಗೆಯಲ್ಲಿ ಬಂದ ಕೂಲರ್ ಹಾಕುವಾಗ ಒಂದು ವಿಷಯ ಗಮನಿಸಿ. ಬೋರ್ಡಿನ ಮೇಲೆ ಮೊದಲೇ ಇರುವ ಎರಡು ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು, ಬಿಚ್ಚಿದ ಕೂಡಲೇ ಹಿಂದಿನ ಲೋಹದ ತಟ್ಟೆ ಕಳಚಿ ಬೀಳುತ್ತೆ. ಅದನ್ನು ಕೈಯಿಂದ ಹಿಡಿದುಕೊಂಡೇ ಕೂಲರಿನ ನಾಲ್ಕು ಸ್ಕ್ರೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು.

ಎಲ್ಲ ಆಯಿತು. ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಿತು, ಪರದೆ ಕಪ್ಪು.

ರ್ಯಾಮ್ ತೆಗೆದು ಹಾಕಿದೆವು. ಒಂದೊಂದೇ ಕಡ್ಡಿ ಹಾಕಿ ನೋಡಿದೆವು. ಬೋರ್ಡಿನ ಗುಂಡಿ ಸೆಲ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದೆವು. ಬೇರೆ ಕೇಬಲ್. ಏನೂ ಇಲ್ಲ. ಇವಳ ಮುಖ ಸಣ್ಣದಾಯಿತು, "ಮಾವ, ನಾನೇ ಏನಾದ್ರೂ ಹಾಳು ಮಾಡಿದ್ನಾ?" ಅಂತ ಕೇಳಿದಳು. ಇಲ್ಲ ಪುಟ್ಟಿ, ನೀನು ಏನೂ ಮಾಡಿಲ್ಲ ಅಂತ ಹೇಳಿ ಗೆಳೆಯನಿಗೆ ಫೋನ್ ಮಾಡಿದೆ. ಬೋರ್ಡ್ ಯಾವಾಗ ತಗೊಂಡದ್ದು, ಬಯೋಸ್ (ಮಷಿನ್ ಆನ್ ಆದ ಕೂಡಲೇ ಬೋರ್ಡಿನೊಳಗೆ ಮೊದಲು ಓಡುವ ಪ್ರೋಗ್ರಾಮ್) ಯಾವತ್ತಾದರೂ ಅಪ್‌ಡೇಟ್ ಮಾಡಿದ್ದೀಯಾ ಅಂತ ಕೇಳಿದೆ. 2020ರ ಕೊನೆಗೆ ತಗೊಂಡದ್ದು, ಅವತ್ತಿನಿಂದ ಬಯೋಸ್ ಮುಟ್ಟಿಯೇ ಇಲ್ಲ ಅಂದ. ಕಾರಣ ಅದೇ. ಎ520 ಬೋರ್ಡುಗಳು ಬಂದದ್ದು 2020ರ ಆಗಸ್ಟಿನಲ್ಲಿ, 5600ಜಿ ಅಂಗಡಿಗೆ ಬಂದದ್ದು 2021ರ ಆಗಸ್ಟಿನಲ್ಲಿ. ಆ ಹಳೇ ಬಯೋಸಿಗೆ ಈ ಪ್ರೊಸೆಸರ್ ಯಾವುದು ಅಂತಲೇ ಗೊತ್ತಿಲ್ಲ. ತಗೊಳ್ಳುವ ಮೊದಲು ನಾನು ಕೇಳಬೇಕಿದ್ದ ಪ್ರಶ್ನೆ ಅದು. ಸೆಕೆಂಡ್ ಹ್ಯಾಂಡ್ ಬೋರ್ಡ್ ಕೊಳ್ಳುವವರು ಬಯೋಸ್ ಆವೃತ್ತಿ ತೋರಿಸಿ ಅಂತ ಕೇಳಿ, ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್ ಯಾವ ಆವೃತ್ತಿಯಿಂದ ನಡೆಯುತ್ತೆ ಅಂತ ನೋಡಿಕೊಂಡೇ ದುಡ್ಡು ಕೊಡಿ. ಕೆಲವು ಬೋರ್ಡುಗಳಲ್ಲಿ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್ ಚುಚ್ಚಿ ಬಯೋಸ್ ಹಾಕುವ ಗುಂಡಿ ಇರುತ್ತೆ, ಇದರಲ್ಲಿ ಇರಲಿಲ್ಲ.

ಪುಣ್ಯಕ್ಕೆ ಗೆಳೆಯನ ಹತ್ತಿರ ಹಳೇ ರೈಜನ್ 5 3600 ಹಾಗೇ ಇತ್ತು. ಅದರಲ್ಲಿ ಗ್ರಾಫಿಕ್ಸ್ ಇಲ್ಲವಲ್ಲ, ಜೊತೆಗೊಂದು ಹಳೇ ಕಾರ್ಡನ್ನೂ ಹಿಡಿದುಕೊಂಡು ವಿದ್ಯಾನಗರದಿಂದ ಬೈಕಿನಲ್ಲಿ ಬಂದ. ಇಲ್ಲಿ ಒಂದು ಎಚ್ಚರ. ಎಎಂ4ನಲ್ಲಿ ಕೂಲರ್ ನೇರ ಮೇಲಕ್ಕೆ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೂ ಕಿತ್ತುಕೊಂಡು ಬರುತ್ತೆ, ಪಿನ್ನು ಬಗ್ಗೋದು ಹೆಚ್ಚಾಗಿ ಆಗಲೇ. ಮಷಿನ್ ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಕರೆಂಟು ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲ ಮಾಡಿಯೇ ಎತ್ತಬೇಕು. ಹಾಗೇ ಮಾಡಿದೆವು. 3600 ಹಾಕಿದ ಕೂಡಲೇ ಪರದೆ ಬೆಳಗಿತು.

ಬಯೋಸ್ ಫೈಲನ್ನು ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೆ ಹಾಕಿ ತಂದಿದ್ದ. ಅಪ್‌ಡೇಟ್ ನಡೆಯುವಾಗ ಕರೆಂಟು ಹೋದರೆ ಬೋರ್ಡ್ ಸತ್ತಂತೆಯೇ. ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಅದರ ಹಿಂದಿನ ಸ್ವಿಚ್ಚು ನಾರ್ಮಲ್ ಕಡೆ ಇತ್ತು. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗುವಾಗ ಫ್ಯಾನ್, ಲೈಟಿಗೆ ಗೊತ್ತಾಗದಷ್ಟು ಸಣ್ಣ ಬಿಡುವು ಬರುತ್ತೆ. ಕಂಪ್ಯೂಟರಿನ ಪವರ್ ಸಪ್ಲೈ ತಡೆಯೋದು ಸುಮಾರು 16 ಮಿಲಿಸೆಕೆಂಡ್ ಮಾತ್ರ, ಅದಕ್ಕಿಂತ ತಡವಾದರೆ ರೀಸ್ಟಾರ್ಟ್ ಆಗಿಬಿಡುತ್ತೆ. ಸ್ವಿಚ್ಚನ್ನು ಯುಪಿಎಸ್ ಕಡೆ ಹಾಕಿದೆವು. ಮೇನ್ ಸ್ವಿಚ್ ಬೇಕಂತಲೇ ಎರಡು ಸಲ ಆರಿಸಿ ಹಾಕಿ ನೋಡಿದೆವು, ಮಷಿನ್ ಅಲುಗಲಿಲ್ಲ. ಆಮೇಲೆಯೇ ಅಪ್‌ಡೇಟ್ ಒತ್ತಿದ್ದು. ಮೂರು ನಿಮಿಷ. ಮತ್ತೆ ಕೂಲರ್ ಬಿಚ್ಚಿ, ಹಳೇ ಪೇಸ್ಟ್ ಒರೆಸಿ, ಹೊಸದು ಅವರೆಕಾಳಿನಷ್ಟು ಹಾಕಿ 5600ಜಿ ಕೂರಿಸಿದಳು. ಈ ಸಲ ನಾನು ಹೇಳಿಕೊಡಬೇಕಾಗಿರಲಿಲ್ಲ. ಬಯೋಸಿನೊಳಗೆ ಎಕ್ಸ್‌ಎಂಪಿ (ರ್ಯಾಮ್ ತನ್ನ ಪೂರ್ತಿ ವೇಗಕ್ಕೆ ಓಡಲು ಇರುವ ಆಯ್ಕೆ) ಆನ್ ಮಾಡಿ ರ್ಯಾಮನ್ನು 3200ಕ್ಕೆ ತಂದೆವು, ಗ್ರಾಫಿಕ್ಸಿಗೆ 2 ಜಿಬಿ ಎತ್ತಿಟ್ಟೆವು. ಲಿನಕ್ಸ್ ಮಿಂಟ್ 22 ಹಾಕಿದೆವು. ಕನ್ನಡಕ್ಕೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅದರಲ್ಲೇ ಸಿಗುತ್ತೆ, ಅಕ್ಕನ ಗಿರಾಕಿಗಳ ಅಳತೆ ಪುಸ್ತಕ ಈಗ ಅದರಲ್ಲೇ ಟೈಪ್ ಆಗುತ್ತಿದೆ.

ನಿಜವಾದ ಪರೀಕ್ಷೆ ಗೂಡಿನಲ್ಲಿ ಇಟ್ಟ ಮೇಲೆ ಶುರುವಾಯಿತು. ಏಪ್ರಿಲ್ ಮಧ್ಯಾಹ್ನ, ಕೋಣೆಯೊಳಗೇ 36 ಡಿಗ್ರಿ. ಸ್ಟ್ರೆಸ್-ಎನ್‌ಜಿ ಅಂತ ಒಂದು ಪ್ರೋಗ್ರಾಮ್ ಇದೆ, ಹನ್ನೆರಡೂ ಥ್ರೆಡ್ಡಿಗೆ ಪೂರ್ತಿ ಕೆಲಸ ಕೊಡುತ್ತೆ. ಅದನ್ನು ಇಪ್ಪತ್ತು ನಿಮಿಷ ಓಡಿಸಿದಾಗ 91 ಡಿಗ್ರಿ ಮುಟ್ಟಿತು. ಈ ಪ್ರೊಸೆಸರಿನ ಮಿತಿ 95. ಮೇಜಿನ ಮೇಲೆ ಇದ್ದಾಗ ಇಷ್ಟು ಆಗಿರಲಿಲ್ಲ. ಹಿಂದಿನ ಫ್ಯಾನ್ ಬಿಸಿ ಗಾಳಿಯನ್ನು ಗೂಡಿನ ಗೋಡೆಗೆ ಹೊಡೆಯುತ್ತೆ, ಅದೇ ಗಾಳಿ ಸುತ್ತಿ ಬಂದು ಮುಂದಿನಿಂದ ಮತ್ತೆ ಒಳಗೆ ಹೋಗುತ್ತೆ. ನಮ್ಮ ಕಡೆ ಇರುವ ಪಕ್ಕದ ಬಾಗಿಲು ತೆಗೆದೆ. 78ಕ್ಕೆ ಇಳಿಯಿತು. ಯಾಕೆಂದರೆ ಈ ಕೂಲರ್ ಪಕ್ಕದಿಂದ ಗಾಳಿ ಎಳೆದು ಬೋರ್ಡಿನ ಮೇಲೆ ಊದುತ್ತೆ, ಈಗ ಅದಕ್ಕೆ ನೇರವಾಗಿ ಕೋಣೆಯ ಗಾಳಿ ಸಿಕ್ಕಿತು. ಆದರೆ ತೆರೆದಿಡುವಂತಿಲ್ಲ. ಎರಡು ಮೊಳ ದೂರದಲ್ಲಿ ಹೊಲಿಗೆ ಮಷಿನ್, ದಿನಾ ಬಟ್ಟೆಯ ನಾರು ಹಾರುತ್ತೆ. ಗೋಡೆಯ ಮೇಲೆ ಹಲ್ಲಿಗಳು ಬೇರೆ.

ದಾರಿ ತೋರಿಸಿದ್ದು ಅಕ್ಕ. ಹಳೇ ಸೊಳ್ಳೆ ಪರದೆ ಎರಡು ಪದರ ಮಾಡಿ, ಕೇಸಿನ ಅಳತೆಗೆ ಕತ್ತರಿಸಿ, ಸುತ್ತ ಎಲಾಸ್ಟಿಕ್ ಕೊಟ್ಟು ದಿಂಬಿನ ಚೀಲದ ಹಾಗೆ ಹೊಲಿದುಕೊಟ್ಟಳು. ಬಾಗಿಲಿನ ಜಾಗಕ್ಕೆ ಬಿಗಿಯಾಗಿ ಕೂಡ್ರುತ್ತೆ. ಪರದೆ ಹಾಕಿದ ಮೇಲೆ 80 ಡಿಗ್ರಿ, ಬರೀ ಎರಡು ಡಿಗ್ರಿ ಜಾಸ್ತಿ. ಇನ್ನೂ ಇಳಿಸಬೇಕು ಅನ್ನಿಸಿ ಬಯೋಸಿನಲ್ಲಿ ಪ್ರೊಸೆಸರಿನ ವಿದ್ಯುತ್ ಮಿತಿಯನ್ನು 65 ವ್ಯಾಟಿನಿಂದ 45 ವ್ಯಾಟಿಗೆ ಇಳಿಸಿದೆ. ಈ ಪ್ರೊಸೆಸರಿಗೆ ಆ ಅವಕಾಶ ಕಂಪನಿಯೇ ಕೊಟ್ಟಿದೆ. ಈಗ ಅದೇ ಪರೀಕ್ಷೆಯಲ್ಲಿ 70. ಪ್ಲಗ್ಗಿಗೆ ಹಾಕಿದ ಮೀಟರಿನಲ್ಲಿ ಪೂರ್ತಿ ಕೆಲಸಕ್ಕೆ 105 ವ್ಯಾಟ್ ಇದ್ದದ್ದು 78 ಆಯಿತು, ಸುಮ್ಮನೆ ಇದ್ದಾಗ 28. ಕಳೆದುಕೊಂಡದ್ದೇನು ಅಂತ ನೋಡಲು ಒಂದು ದೊಡ್ಡ ಪ್ರೋಗ್ರಾಮ್ ಕಂಪೈಲ್ ಮಾಡಿಸಿದೆ, 41 ಸೆಕೆಂಡ್ ಹಿಡಿಯುತ್ತಿದ್ದದ್ದು 44 ಹಿಡಿಯಿತು. ಇನ್ವರ್ಟರಿನ ಮೇಲೆ ಓಡುವ ಮನೆಗೆ ಈ ಮೂರು ಸೆಕೆಂಡ್ ಕೊಟ್ಟು 27 ವ್ಯಾಟ್ ಉಳಿಸೋದು ಒಳ್ಳೆಯ ವ್ಯಾಪಾರ. ಫ್ಯಾನಿನ ಸದ್ದೂ ತಗ್ಗಿತು, ರಾತ್ರಿ ಇವಳು ಓದುತ್ತಾ ಕೂತರೆ ಅದೇ ಕೋಣೆಯಲ್ಲಿ ಮಲಗುವ ಅಜ್ಜಿಗೆ ನಿದ್ದೆ ಕೆಡುವುದಿಲ್ಲ.

ಈಗ ಕಟ್ಟಲು ಹೊರಟವರಿಗೆ ಒಂದು ಮಾತು. 2025ರ ಕೊನೆಯ ತಿಂಗಳುಗಳಲ್ಲಿ ರ್ಯಾಮ್ ಬೆಲೆ ವಿಪರೀತ ಏರಿತು, ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಹೋಗುತ್ತಿರೋದೇ ಕಾರಣ. ನಾನು 3,300 ಕೊಟ್ಟ ಜೋಡಿ ಆ ಬೆಲೆಗೆ ಸಿಗುತ್ತೆ ಅಂತ ಲೆಕ್ಕ ಹಾಕಬೇಡಿ. ಎಎಂ4 ಇನ್ನೂ ಬೇಕು ಅನ್ನೋದಕ್ಕೆ ಇದೂ ಒಂದು ಕಾರಣ. ಮನೆಯಲ್ಲೋ ಗೆಳೆಯರ ಹತ್ತಿರವೋ ಮೂಲೆಗೆ ಬಿದ್ದ ಡೆಸ್ಕ್‌ಟಾಪಿನಲ್ಲಿ ಡಿಡಿಆರ್4 ಕಡ್ಡಿ ಇದ್ದರೆ ಅದನ್ನೇ ಹಾಕಿ, 2666 ವೇಗದ್ದಾದರೂ ನಡೆಯುತ್ತೆ, ಎರಡು ಕಡ್ಡಿ ಇರಲಿ ಅಷ್ಟೇ. ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ ಮಾತ್ರ ಈ ಬೋರ್ಡಿಗೆ ಹಿಡಿಯುವುದಿಲ್ಲ.

ಪರದೆಯನ್ನು ವಾರಕ್ಕೊಮ್ಮೆ ಒಗೆಯಬೇಕು, ಇಲ್ಲದಿದ್ದರೆ ನಾರು ಕಟ್ಟಿಕೊಂಡು ಮತ್ತೆ ಐದಾರು ಡಿಗ್ರಿ ಏರುತ್ತೆ. ಅಕ್ಕ ಅದಕ್ಕೇ ಎರಡು ಹೊಲಿದಿಟ್ಟಿದ್ದಾಳೆ. ಒಂದು ತಂತಿಯ ಮೇಲೆ ಒಣಗುವಾಗ ಇನ್ನೊಂದು ಗೂಡಿನಲ್ಲಿರುತ್ತೆ.